ಮನುಸ್ಸ ಲೋಕದ ಸರ್ಪ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸರ್ಪದ ಕಥೆಯಿಲ್ಲದ ಜನಾಂಗ ವಿರಳ. ಆದರೆ ಶೇಷ, ವಾಸುಕಿ, ತಕ್ಷಕರ ವೃತ್ತಾಂತಗಳನ್ನು ಈ ಸಭೆಗೆ ಹೇಳಹೊರಡುವುದು ಕಬ್ಬಿನ ತೋಟದಲ್ಲಿ ಬೆಲ್ಲ ಹಂಚಿದಂತಾದೀತು. ಆದುದರಿಂದ ಈ ದಿನ ನಾವು ಬೇರೊಂದು ಸರ್ಪದ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅದು ನಮ್ಮ ಪುರಾಣಗಳದಲ್ಲ. ಭೂಮಿಯ ಯಾವ ಜನರ ಐತಿಹ್ಯದ್ದೂ ಅಲ್ಲ. ಇಂಗ್ಲೆಂಡಿನ ನಾಟಕಕಾರರೊಬ್ಬರು ಅನ್ಯಗ್ರಹದ ಜನಾಂಗವೊಂದನ್ನು ಕಲ್ಪಿಸಿ, ಆ ಜನಾಂಗಕ್ಕೆ ಒಂದು ಐತಿಹ್ಯವನ್ನೂ ಹಬ್ಬವನ್ನೂ ಕಲ್ಪಿಸಿ, ಅವುಗಳ ನಡುವೆ ಈ ಸರ್ಪವನ್ನು ನೆಲೆಗೊಳಿಸಿದರು.

ಬಿ.ಬಿ.ಸಿ. ಸಂಸ್ಥೆಯು 1963ರಲ್ಲಿ ‘ಡಾಕ್ಟರ್ ಹೂ’ ಎಂಬ ದೂರದರ್ಶನ ನಾಟಕಮಾಲೆಯನ್ನು ಆರಂಭಿಸಿತು. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸಬಲ್ಲ ‘ಡಾಕ್ಟರ್’ ಎಂಬಾತನು ಅದರ ನಾಯಕ. ಈ ಮಾಲೆಗಾಗಿ ಕ್ರಿಸ್ಟೋಫರ್ ಬೈಲಿ ಎಂಬವರು ಬರೆದ ‘ಕಿಂಡ’ 1982ರಲ್ಲಿಯೂ, ‘ಸ್ನೇಕ್‌ಡಾನ್ಸ್’, ಅಂದರೆ ಸರ್ಪನೃತ್ಯ, 1983ರಲ್ಲಿಯೂ ತಲಾ ನಾಲ್ಕು ಕಂತುಗಳಲ್ಲಿ ಪ್ರಸಾರವಾದವು. ಎರಡರಲ್ಲಿಯೂ ವೈರಿ ಒಂದೇ: ಮನಸ್ಸಿನೊಳಗೆ ಅಡಗಿದ್ದು ಕನಸಿನ ಬಾಗಿಲಿನಿಂದ ಹೊರಬರುವ ‘ಮಾರ’ನೆಂಬ ಸರ್ಪ.

ಮಾರನೆಂಬ ಹೆಸರು ನಮಗೆ ಅಪರಿಚಿತವೇ? ಮೃ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಕೊಲ್ಲುವವನೆಂದು ಅರ್ಥ. ನಮ್ಮ ಕವಿಗಳು ಮನ್ಮಥನನ್ನು ಮಾರನೆಂದು ಕರೆದಿದ್ದಾರೆ. ಬೌದ್ಧರಲ್ಲಿ ಅವನು ಬೋಧಿವೃಕ್ಷದ ಕೆಳಗೆ ಕುಳಿತ ಸಿದ್ಧಾರ್ಥನ ತಪಸ್ಸನ್ನು ಕೆಡಿಸಲು ಬಂದವನು. ಅವನು ದೊಡ್ಡ ಸರ್ಪರಾಜನ ರೂಪದಿಂದ ಬುದ್ಧನನ್ನು ಬೆದರಿಸಹೋದ ಪ್ರಸಂಗವು ಪಾಲಿಯ ಸಂಯುತ್ತ ನಿಕಾಯದಲ್ಲಿದೆ. ಬೈಲಿಯವರು ಬೌದ್ಧ ದರ್ಶನದಲ್ಲಿ ಆಸಕ್ತಿಯುಳ್ಳವರು. ಬೇಕೆಂದೇ ಈ ಹೆಸರುಗಳನ್ನು ಆಯ್ದರು. ಮೊದಲ ಕಥೆಯ ಗ್ರಹಕ್ಕೆ ‘ದೇವಲೋಕ’ವೆಂದೇ ಹೆಸರು. ಅಲ್ಲಿನ ವೃದ್ಧ ಜ್ಞಾನಿ ಪನ್ನಾ, ಅಂದರೆ ಪ್ರಜ್ಞೆ. ಅವಳ ಕೂಡ ಇರುವ ತರುಣಿ ಕರುಣಾ. ಕನಸಿನಲ್ಲಿ ಕಾಣಿಸಿಕೊಳ್ಳುವ ಮೂವರು ದುಕ್ಖ, ಅನತ್ತ, ಅನಿಚ್ಚ. ನಮ್ಮ ಮಾತಿನಲ್ಲಿ ದುಃಖ, ಅನಾತ್ಮ, ಅನಿತ್ಯ. ಇಂಗ್ಲಿಷ್ ಪ್ರೇಕ್ಷಕನಿಗೆ ವಿಚಿತ್ರ ಧ್ವನಿಗಳಾಗಿ ಕೇಳಿಸಿದ್ದಿರಬಹುದಾದ ಈ ಹೆಸರುಗಳು ಕನ್ನಡಿಗನಿಗೆ ಮನೆಯ ಮಾತುಗಳೇ ಆಗಿವೆ.

ದೇವಲೋಕದಲ್ಲಿ ವಸಾಹತು ಸ್ಥಾಪಿಸಬಹುದೇ ಎಂದು ಪರೀಕ್ಷಿಸಲು ಹೊರಗಿನಿಂದ ಒಂದು ತಂಡ ಬಂದಿರುತ್ತದೆ. ಅಲ್ಲಿನ ಕಿಂಡ ಜನರು ಬಾಯಿಬಿಟ್ಟು ಮಾತನಾಡುವುದಿಲ್ಲ. ಮನಸ್ಸಿನಿಂದ ಮನಸ್ಸಿಗೆ ತಿಳಿಸುತ್ತಾರೆ. ಮಾತಿಲ್ಲದವರಾದುದರಿಂದ ಅವರು ಅನಾಗರಿಕರೆಂದು ಬಂದವರು ಬಗೆಯುತ್ತಾರೆ. ಮಾತು ಅಲ್ಲಿ ಜ್ಞಾನಿಗಳಿಗೆ ಮಾತ್ರ ಸಲ್ಲುವ ಅಧಿಕಾರವೆಂಬುದು ಅವರಿಗೆ ಹೊಳೆಯುವುದಿಲ್ಲ. ಪನ್ನಾ ಮಡಿದಾಗ ಅವಳ ಅರಿವೆಲ್ಲವೂ ಕರುಣಾಳಲ್ಲಿ ಮುಂದುವರಿಯುತ್ತದೆ. ಪ್ರಜ್ಞೆಯು ಕರುಣೆಯಲ್ಲಿ ಬಾಳುವುದೆಂಬ ಮಹಾಯಾನದ ಬೋಧೆಯನ್ನೇ ಇಲ್ಲಿ ಎರಡು ಪಾತ್ರಗಳಾಗಿ ಕಾಣುತ್ತೇವೆ. ಕೊನೆಗೆ ಸರ್ಪವನ್ನು ಗೆಲ್ಲುವ ಆಯುಧ ಯಾವುದು? ಕನ್ನಡಿ. ಸುತ್ತಲೂ ಕನ್ನಡಿಯಂಥ ಫಲಕಗಳನ್ನು ನಿಲ್ಲಿಸಿದಾಗ ಮಾರನು ತನ್ನ ಮುಖವನ್ನು ತಾನು ನೋಡಲಾರದೆ ಸೋಲುತ್ತಾನೆ. ಕೆಡುಕು ತನ್ನನ್ನು ತಾನು ಕಾಣಲಾರದು.

ಎರಡನೆಯ ಕಥೆಯ ಗ್ರಹದ ಹೆಸರು ‘ಮನುಸ್ಸ’. ಪಾಲಿಯಲ್ಲಿ ಹಾಗೆಂದರೆ ಮನುಷ್ಯ. ಅನ್ಯಲೋಕವೆಂದು ತೋರಿಸಿದ್ದು ನಮ್ಮ ಲೋಕವನ್ನೇ ಎಂಬ ಇಂಗಿತ ಆ ಹೆಸರಿನಲ್ಲಿಯೇ ಅಡಗಿದೆ. ಅಲ್ಲಿ 500 ವರ್ಷಗಳ ಹಿಂದೆ ಮಾರನನ್ನು ಹೊರದೂಡಲಾಗಿತ್ತು. ಅದರ ನೆನಪಿಗೆ ಹತ್ತು ವರ್ಷಗಳಿಗೊಮ್ಮೆ ಮಹೋತ್ಸವ. ಬಟ್ಟೆಯ ಹಾವಿನ ಮೆರವಣಿಗೆ, ಗೊಂಬೆಯಾಟ, ಅಂಗಡಿಸಾಲು, ಸಂಭ್ರಮ. ಆಳುವವನ ಮಗ ಲೋನ್ ಆಕಳಿಸುತ್ತ ಬರುತ್ತಾನೆ. ಅವನ ತಾಯಿಯ ಹೆಸರು ತನ್ಹಾ, ಎಂದರೆ ತೃಷ್ಣೆ. ಬೌದ್ಧ ಕಥೆಗಳಲ್ಲಿ ಮಾರನ ಮಗಳ ಹೆಸರು ಇದೇ. ಸಂಶೋಧನಾಧಿಕಾರಿ ಆಂಬ್ರಿಲ್ ಹಳೆಯ ವಸ್ತುಗಳನ್ನು ಕಲೆಹಾಕಿ ಚೀಟಿ ಅಂಟಿಸಿರುವನು. ಆದರೆ ಸರ್ಪ ನಿಜವೆಂಬ ಮಾತನ್ನು ನಂಬನು. ನಂಬಿದ ಹಿಂದಿನ ಅಧಿಕಾರಿ ಡೊಜೆನ್ ಊರು ತೊರೆದು ಬೆಟ್ಟ ಸೇರಿರುವನು. ಹಬ್ಬ ಉಳಿದಿದೆ, ಹಬ್ಬದ ಅರ್ಥವೇ ಅಳಿದಿದೆ. ಈ ಮರೆವೇ ಸರ್ಪಕ್ಕೆ ಮರಳಿ ಬರುವ ದಾರಿಯಾಗುತ್ತದೆ.

ಇನ್ನೊಂದು ಮಾತು. ಆ ಸರ್ಪ ಬಂದದ್ದಾದರೂ ಎಲ್ಲಿಂದ? ಮನುಸ್ಸದ ಪೂರ್ವಿಕರು ಮನಸ್ಸಿನ ಶಕ್ತಿಯನ್ನು ಒಂದೆಡೆ ಕೂಡಿಸುವ ಮಹಾಸ್ಫಟಿಕವೊಂದನ್ನು ನಿರ್ಮಿಸಿದರು. ಅದು ಅವರ ಅಂತರಂಗದ ಭಯ, ದ್ವೇಷ, ಲೋಭಗಳನ್ನೇ ಹಿಗ್ಗಿಸಿ, ರೂಪಕೊಟ್ಟು, ಅವರಿಗೇ ಒಡೆಯನನ್ನಾಗಿ ನಿಲ್ಲಿಸಿತು. ಸರ್ಪ ಹೊರಗಿನಿಂದ ಬಂದದ್ದಲ್ಲ, ಅವರೇ ಹೆತ್ತದ್ದು.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಸೆಳೆದ ಪ್ರಸಂಗವೊಂದುಂಟು. ಆಂಬ್ರಿಲನ ಸಂಗ್ರಹದಲ್ಲಿ ‘ಭ್ರಮೆಯ ಆರು ಮುಖ’ಗಳೆಂದು ಹೆಸರಾದ ಪುರಾತನ ಕಿರೀಟವಿದೆ. ಕೆತ್ತಿರುವ ಮುಖಗಳಾದರೋ ಐದೇ. ಹಿಂದಿನವರಿಗೆ ಎಣಿಕೆ ಬಾರದೆಂದು ಆತನ ತೀರ್ಮಾನ. ಡಾಕ್ಟರ್ ಆ ಕಿರೀಟವನ್ನು ಅವನ ತಲೆಗೇ ಇಡಿಸಿ, ಈಗ ಎಣಿಸೆನ್ನುತ್ತಾನೆ. ಆರನೆಯ ಮುಖ ಧರಿಸಿದವನದು!

ಬಂಧುಗಳೇ, ಗಡಿನಾಡಿನ ಸಂಘವೊಂದರ ಉತ್ಸವದಲ್ಲಿ ಈ ಕಥೆಯನ್ನು ಹೇಳಲು ಕಾರಣವಿದೆ. ಉತ್ಸವ ನಮಗೂ ಉಂಟು. ಮೆರವಣಿಗೆಯೂ ಬಾವುಟವೂ ಉಂಟು. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬಾವುಟ ಹಿಡಿದ ಕೈ ಮರುದಿನ ಕನ್ನಡ ಪುಸ್ತಕವನ್ನು ಹಿಡಿಯಬೇಕು. ವೇದಿಕೆಯ ಮೇಲೆ ಹಾಡಿದ ಮಗು ಮನೆಯಲ್ಲಿ ಅಜ್ಜಿಯೊಡನೆ ಅದೇ ನುಡಿಯಲ್ಲಿ ಜಗಳವನ್ನೂ ಆಡಬೇಕು. ಇಲ್ಲದಿದ್ದರೆ ಉತ್ಸವವು ಬಟ್ಟೆಯ ಹಾವಾಗಿ ಉಳಿದೀತು. ಗಡಿಯಲ್ಲಿ ನುಡಿಗೆ ಬರುವ ಇಕ್ಕಟ್ಟಿಗೆ ಕಾರಣಗಳನ್ನು ಪಟ್ಟಿಮಾಡುವುದು ಸುಲಭ. ಸರಕಾರ, ಶಾಲೆ, ಕಾಲ, ನೆರೆಹೊರೆ, ಸಂಬಳ: ಇವು ಐದು ಮುಖಗಳು. ಅವು ಸುಳ್ಳೆಂದು ಯಾರೂ ಹೇಳಲಾರರು. ಅವುಗಳನ್ನು ಎಣಿಸುವಾಗ ಕಿರೀಟವನ್ನು ಯಾರು ಧರಿಸಿದ್ದಾರೆಂಬುದನ್ನೂ ನೋಡಿಕೊಳ್ಳಬೇಕೆಂಬುದೊಂದೇ ನಮ್ಮ ವಿನಂತಿ.

ಕಥೆಯ ಕೊನೆಯಲ್ಲಿ ಡಾಕ್ಟರ್ ಸರ್ಪವನ್ನು ಆಯುಧದಿಂದ ಕೊಲ್ಲುವುದಿಲ್ಲ. ಜನರೆಲ್ಲ ಭಯದಿಂದ ಅದರ ಕಣ್ಣಿಗೆ ಸಿಕ್ಕಿಬಿದ್ದಿರುವಾಗ, ತನ್ನೊಳಗಿನ ಅಲುಗದ ನೆಲೆಯೊಂದನ್ನು ಹುಡುಕಿಕೊಂಡು ಅಲ್ಲಿ ನಿಲ್ಲುತ್ತಾನೆ. ಅಂಜಿಕೆ ದೊರೆಯದ ಸರ್ಪ ಉಪವಾಸಬಿದ್ದು ಅಳಿಯುತ್ತದೆ. ನಮಗೆ ಅಂಥ ನೆಲೆ ನಮ್ಮ ಮನೆಯ ಮಾತು.