ಮೈಯಲ್ಲಿ ಉಳಿದ ನೆನಪು



ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಕಬ್ಬಿನ ಹಾಲು ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವಾಗ ಹಬ್ಬುವ ಸಿಹಿಗಂಪು ಮಂಡ್ಯದ ಸೀಮೆಯವರಾದ ನಮಗೆಲ್ಲ ಹರ್ಷವನ್ನು ತರತಕ್ಕದ್ದು. ಆದರೆ ಎಳವೆಯಲ್ಲಿ ಕಬ್ಬಿನ ಗದ್ದೆಯ ಮರೆಯಲ್ಲಿ ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಗಳೊಬ್ಬಳನ್ನು ಭಾವಿಸಿಕೊಳ್ಳಿರಿ: ಇಪ್ಪತ್ತು ವರ್ಷಗಳ ತರುವಾಯ, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಅದೇ ಹಾದಿಯಲ್ಲಿ ನಡೆಯುವಾಗ, ಆ ಕಂಪಿಗೆ ಅವಳ ಕೈಕಾಲು ತಣ್ಣಗಾಗುತ್ತವೆ, ಎದೆ ಡವಗುಟ್ಟುತ್ತದೆ. ಏಕೆಂದು ಕೇಳಿದರೆ ಅವಳಿಗೇ ತಿಳಿಯದು.

2022ರ ಅಕ್ಟೋಬರಿನಲ್ಲಿ ಮಳವಳ್ಳಿಯಲ್ಲಿ ಟ್ಯೂಷನ್ನಿಗೆಂದು ಹೋದ ಹತ್ತು ವರ್ಷದ ಬಾಲೆಯೊಬ್ಬಳು ಶವವಾಗಿ ದೊರೆತಾಗ ಜಿಲ್ಲೆಯೇ ಮಮ್ಮಲ ಮರುಗಿತು. ಸತ್ತ ಮಗುವಿಗಾಗಿ ಅಳಬಲ್ಲೆವು. ದೌರ್ಜನ್ಯವನ್ನುಂಡೂ ಬದುಕಿ ಉಳಿದು ನಮ್ಮ ನಡುವೆಯೇ ಓಡಾಡುವ ಮಕ್ಕಳು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರು ಕೆಲವರೇ ಎಂದು ತಿಳಿಯಬಾರದು. ಕೇಂದ್ರ ಸರ್ಕಾರವು 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನೂರಕ್ಕೆ ಐವತ್ತಮೂರು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಕಂಡವರು. ಬಹುಮಂದಿ ಅದನ್ನು ಯಾರೊಡನೆಯೂ ಬಾಯಿಬಿಟ್ಟವರಲ್ಲ.

ಬಾಯಿ ಬಿಡದಿದ್ದರೂ ಮೈ ನುಡಿಯುತ್ತದೆ. ಅಪಾಯ ಕಂಡೊಡನೆ ದೇಹವು ಓಡುವುದಕ್ಕೋ ಎದುರಿಸುವುದಕ್ಕೋ ಸನ್ನದ್ಧವಾಗುವುದು ಪ್ರಕೃತಿಧರ್ಮ. ಆದರೆ ತನಗಿಂತ ಬಲಿಷ್ಠನಾದ, ಎಷ್ಟೋ ವೇಳೆ ಪರಿಚಿತನೇ ಆದ ಹಿರಿಯನ ಮುಂದೆ ಎಳೆಯ ಮಗುವು ಓಡಲಾರದು, ಹೋರಾಡಲಾರದು. ಆದಕಾರಣ ಉಸಿರು ಕಟ್ಟಿ, ಅಂಗಾಂಗಗಳು ಮರಗಟ್ಟಿ, ಕಲ್ಲಿನಂತಾಗಿಬಿಡುತ್ತದೆ. ಕೂಗಲಿಲ್ಲವೇಕೆ ಎಂದು ಕೇಳುವವರು ಇದನ್ನರಿಯರು. ಆ ಭೀತಿಯು ಮಾತಾಗಿ ಉಳಿಯದೆ ಮೈಯ ಅಭ್ಯಾಸವಾಗಿ ಉಳಿಯುತ್ತದೆಂಬುದನ್ನೇ ವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಅವರು 2014ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿ ಬರೆದರು. ‘ಮೈ ಜುಮ್ಮೆಂದಿತು’, ‘ಹೊಟ್ಟೆಯಲ್ಲಿ ಕಲಸಿದಂತಾಯಿತು’ ಎನ್ನುವ ನಮ್ಮ ನುಡಿಗೆ ಇದು ಮೊದಲಿನಿಂದಲೂ ಗೊತ್ತಿದ್ದ ಸಂಗತಿ.

ಹೀಗಿರುವಲ್ಲಿ, ‘ಆದದ್ದನ್ನೆಲ್ಲ ಹೇಳಿಬಿಡು’ ಎಂದು ಒತ್ತಾಯಿಸುವುದೂ ‘ಮರೆತುಬಿಡು’ ಎಂದು ಸಮಾಧಾನಪಡಿಸುವುದೂ ಸಮಾನವಾಗಿ ನಿಷ್ಫಲ. ದೇಹದ ಮಾರ್ಗವನ್ನು ಹಿಡಿದ ಚಿಕಿತ್ಸಕರು ಮೊದಲು ಕಥೆಯನ್ನು ಕೆದಕುವುದಿಲ್ಲ. ಪಾದಗಳನ್ನು ನೆಲಕ್ಕೂರಿ ಆ ತಂಪನ್ನು ಗಮನಿಸುವುದು, ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಡುವುದು, ಸುತ್ತಲಿನ ಸದ್ದುಗಳನ್ನು ಒಂದೊಂದಾಗಿ ಹೆಸರಿಸುವುದು—ಇಂಥ ಸಣ್ಣ ಕೆಲಸಗಳಿಂದ, ಈ ಕ್ಷಣದಲ್ಲಿ ಭಯವಿಲ್ಲವೆಂಬುದನ್ನು ಮೈಗೆ ಮನಗಾಣಿಸುತ್ತಾರೆ. ವಾನ್ ಡರ್ ಕೋಲ್ಕ್ ಮತ್ತು ಅವರ ಸಂಗಡಿಗರು ದೀರ್ಘಕಾಲದ ಆಘಾತದಿಂದ ನರಳುತ್ತಿದ್ದ 64 ಮಂದಿ ಸ್ತ್ರೀಯರಲ್ಲಿ ಒಂದು ಗುಂಪಿಗೆ ಹತ್ತು ವಾರ ಯೋಗಾಭ್ಯಾಸ ಮಾಡಿಸಿದಾಗ, ಆ ಗುಂಪಿನ ಅರ್ಧದಷ್ಟು ಮಂದಿಯಲ್ಲಿ ಆ ರೋಗವನ್ನು ಗುರುತಿಸಲಾಗದಷ್ಟು ಲಕ್ಷಣಗಳು ಇಳಿದವು. ಅಲ್ಲಿ ಶಿಕ್ಷಕಿಯು ಆಜ್ಞಾಪಿಸಳು; ಕಣ್ಣು ಮುಚ್ಚಲೇಬೇಕೆಂಬ ನಿಯಮವಿಲ್ಲ. ಯೋಗವೊಂದೇ ಸಾಕೆಂದು ನಾನು ಹೇಳಲಾರೆ. ಆಪ್ತಸಲಹೆಯೂ ವೈದ್ಯರೂ ಬೇಕು. ಆದರೆ ನಮ್ಮ ಶಾಲೆಗಳ ಕೋಲಾಟದಲ್ಲಿಯೂ, ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಸೇರಿಸುವ ಆ ಲಯದಲ್ಲಿಯೂ, ಮರಗಟ್ಟಿದ ಮೈಯನ್ನು ಸಡಿಲಿಸುವ ಗುಣವಿದೆಯೆಂಬುದು ನನ್ನ ನಂಬಿಕೆ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯಲ್ಲಿಯೂ ಈ ಕರುಣೆಯ ಎಳೆ ಉಂಟು: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದೆಡೆಯಲ್ಲಿಯೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಕೂಡದು, ವಿಚಾರಣೆಯ ನಡುವೆ ಬಿಡುವು ಕೊಡಬಹುದು. ಕೃತ್ಯವನ್ನು ತಿಳಿದೂ ಮುಚ್ಚಿಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ 14416.

ಈಗ ಮದ್ದೂರಿನ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಾಯಿ ಬಾಚಣಿಗೆ ಹಿಡಿದು ಹಿಂದಿನಿಂದ ಬಂದರೆ ಸಾಕು, ಮಗಳ ಹೆಗಲು ಕಿವಿಯವರೆಗೆ ಸೆಟೆಯುತ್ತದೆ. ತಾಯತ ಕಟ್ಟಿಸಿದ್ದಾಯಿತು, ಗದರಿದ್ದಾಯಿತು. ಆಪ್ತಸಲಹೆಗಾರ್ತಿಯ ಮಾತು ಕೇಳಿದ ಮೇಲೆ ತಾಯಿ ಎದುರಿಗೆ ಕುಳಿತು, ಬಾಚಣಿಗೆಯನ್ನು ತೋರಿಸಿ, “ಜಡೆ ಹಾಕ್ಲೇನವ್ವಾ?” ಎನ್ನುತ್ತಾಳೆ. ತನ್ನ ಮೈಯ ಮೇಲೆ ಕೈಯಿಡಲು ಯಾರೂ ಅಪ್ಪಣೆ ಕೇಳದಿದ್ದ ಆ ಹುಡುಗಿ ಬಹಳ ಹೊತ್ತು ನೋಡಿ, “ಬ್ಯಾಡ” ಎನ್ನುತ್ತಾಳೆ. ತಾಯಿ ಬಾಚಣಿಗೆಯನ್ನು ಗೂಡಿನಲ್ಲಿಟ್ಟು, ಕೂದಲು ಕೆದರಿಕೊಂಡಿದ್ದ ಮಗಳ ಜೊತೆಯಲ್ಲಿಯೇ ಶಾಲೆಯವರೆಗೆ ನಡೆದು ಹೋಗಿ, ಇಂದು ಇವಳನ್ನು ಜಡೆಯ ವಿಷಯ ಕೇಳಬೇಡಿರೆಂದು ಮೇಡಂಗೆ ಹೇಳಿ ಬರುತ್ತಾಳೆ.