ಕೈಗಡದ ನಿದ್ದೆ

"ಚಿಂತೆ ಇಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ" ಎಂಬುದು ಹಿರಿಯರ ಮಾತು. ಚಿಂತೆ ಉಳ್ಳವನ ಗತಿ ಏನೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನಡುರಾತ್ರಿಯಲ್ಲಿ ಗಡಿಯಾರದ ಸಪ್ಪಳ ಎಣಿಸುತ್ತ ಮಲಗಿದವರನ್ನೇ ಕೇಳಬೇಕು. ಎರಡು ವರ್ಷದ ಕೆಳಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಆದಕಾರಣ ವೈದ್ಯನಲ್ಲದ, ಬರಿಯ ಕನ್ನಡ ಪಂಡಿತನಾದ ನಾನು ನಿದ್ದೆಯ ಗುಳಿಗೆಯ ವಿಷಯದಲ್ಲಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ನಮ್ಮ ಹನುಮನಹಳ್ಳಿ ಗಂಗಾವತಿಯ ಸೀಮೆಯಲ್ಲಿ, ಅಂಜನಾದ್ರಿಯ ಮಗ್ಗುಲಲ್ಲಿದೆ. ರಾಮಾಯಣದ ನೆನಪಿಲ್ಲದೆ ಇಲ್ಲಿ ಯಾವ ಮಾತೂ ಮುಗಿಯದು. ವನವಾಸದಲ್ಲಿ ಲಕ್ಷ್ಮಣನು ಹದಿನಾಲ್ಕು ವರ್ಷ ನಿದ್ದೆಗೆಟ್ಟನೆಂದೂ, ಅವನ ಪಾಲಿನ ನಿದ್ದೆಯನ್ನು ಅಯೋಧ್ಯೆಯಲ್ಲಿ ಊರ್ಮಿಳೆ ಹೊತ್ತಳೆಂದೂ ಜನ ಕಥೆ ಹೇಳುತ್ತಾರೆ. ನಮ್ಮ ನಿಮ್ಮಂಥವರ ನಿದ್ದೆಯ ಸಾಲ ಹೊರುವ ಊರ್ಮಿಳೆ ಇಲ್ಲ. ಅದನ್ನು ನಮ್ಮ ದೇಹವೇ ತೀರಿಸಬೇಕು. ಗುಳಿಗೆಯಿಂದ ಬರುವ ನಿದ್ದೆಯಾದರೋ ಕೈಗಡ. ಅಡಚಣೆಯ ದಿನಕ್ಕೆ ಕೈಗಡ ತಪ್ಪಲ್ಲ. ತಿರುಗಿ ಕೊಡುವ ದಿನ ಗೊತ್ತಿಲ್ಲದೆ ತಂದರೆ ಮಾತ್ರ ಕಷ್ಟ.

ನನ್ನ ತಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಹೋಯಿತು. ಡಾಕ್ಟರರು ಜೋಲ್ಪಿಡೆಮ್ ಎಂಬ ಗುಳಿಗೆ ಬರೆದುಕೊಟ್ಟು, "ಎರಡು ವಾರಕ್ಕೆ ಮಾತ್ರ, ಮಾಸ್ತರರೆ. ಆಮೇಲೆ ಬಂದು ಕಾಣಿರಿ" ಎಂದರು. ನಾನು ಕಾಣಲಿಲ್ಲ. ಅದೇ ಹಳೆಯ ಚೀಟಿ ತೋರಿಸಿ ನಾಲ್ಕು ತಿಂಗಳು ನುಂಗಿದೆ. ಒಂದು ರಾತ್ರಿ ಎಪ್ಪತ್ತೆಂಟು ವಯಸ್ಸಿನ ನಮ್ಮವ್ವ, "ತಮ್ಮಾ, ಕಣ್ಣು ಹತ್ತವಲ್ದೋ, ನಿನ್ನ ಗುಳಿಗಿ ಒಂದು ನನಗೂ ಕೊಡು" ಎಂದಳು. ಕೊಟ್ಟೆ. ಎರಡು ಗಂಟೆಯ ಸುಮಾರಿಗೆ ಹೊರಕಡೆಗೆಂದು ಎದ್ದವಳು ಹೊಸ್ತಿಲಲ್ಲಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ "ಗುಳಿಗೆ ಯಾರದು?" ಎಂದು ಕೇಳಿದಾಗ "ನನ್ನದು" ಎಂದು ಹೇಳಬೇಕಾಯಿತು. ಅಲ್ಲಿ ಕಲಿತ ಪಾಠವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ಮೊದಲನೆಯದು: ಚೀಟಿಯಲ್ಲಿ ಯಾರ ಹೆಸರಿದೆಯೋ ಗುಳಿಗೆ ಅವರದು ಮಾತ್ರ. ಮುಪ್ಪಿನ ದೇಹವು ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ; ಕಾಲು ತಡವರಿಸುತ್ತದೆ, ಬುದ್ಧಿ ಮಸುಕಾಗುತ್ತದೆ. ಅದಕ್ಕಾಗಿ ವೃದ್ಧರಿಗೆ ಪ್ರಮಾಣ ಕಡಿಮೆ. ಹೆಂಗಸರ ರಕ್ತದಲ್ಲಿ ಜೋಲ್ಪಿಡೆಮ್ ಬೆಳಗಿನವರೆಗೂ ಹೆಚ್ಚಾಗಿ ಉಳಿಯುವುದೆಂದು ಕಂಡುಬಂದು, ಅಮೆರಿಕದ ಔಷಧ ಆಡಳಿತವು ೨೦೧೩ರಲ್ಲಿ ಅವರಿಗೆ ಹೇಳಿದ್ದ ೧೦ ಮಿಲಿಗ್ರಾಂ ಪ್ರಮಾಣವನ್ನು ೫ಕ್ಕೆ ಇಳಿಸಿತು.

ಎರಡನೆಯದು ಹೊತ್ತು. ಹಾಸಿಗೆ ಹಾಸಿ, ಮನೆಗೆಲಸವೆಲ್ಲ ಮುಗಿಸಿ, ಮುಂದೆ ಏಳೆಂಟು ಗಂಟೆ ಮಲಗಲು ಬಿಡುವಿದ್ದಾಗ ಮಾತ್ರ ಈ ಗುಳಿಗೆ ನುಂಗಬೇಕು. ಹೊಟ್ಟೆ ತುಂಬ ಉಂಡ ಕೂಡಲೆ ನುಂಗಿದರೆ ತಡವಾಗಿ ಹತ್ತುತ್ತದೆ. ಹತ್ತಲಿಲ್ಲವೆಂದು ನಡುರಾತ್ರಿಯಲ್ಲಿ ಇನ್ನೊಂದನ್ನು ನುಂಗಲಾಗದು. ಕೆಲವರು ಅರೆನಿದ್ದೆಯಲ್ಲಿಯೇ ಎದ್ದು ನಡೆದಾಡಿದ್ದುಂಟು, ಗಾಡಿ ಓಡಿಸಿದ್ದೂ ಉಂಟು. ಬೆಳಗ್ಗೆ ಅವರಿಗೆ ನೆನಪಿರುವುದಿಲ್ಲ. ೨೦೧೯ರಲ್ಲಿ ಇದರ ಬಗ್ಗೆ ಕಟ್ಟೆಚ್ಚರಿಕೆ ಮುದ್ರಿಸಬೇಕೆಂದು ಅಲ್ಲಿ ಆಜ್ಞೆಯಾಯಿತು. ಒಮ್ಮೆ ಹಾಗಾದರೂ ಡಾಕ್ಟರರಿಗೆ ಕೂಡಲೆ ತಿಳಿಸಿರಿ. ಮತ್ತೆ ಅದನ್ನು ನುಂಗಬೇಡಿರಿ. ಬೆಳಗ್ಗೆ ಮಂಪರು ಇದ್ದರೆ ಟ್ರ್ಯಾಕ್ಟರು, ಮೋಟಾರ್ ಸೈಕಲು ಮುಟ್ಟಬೇಡಿರಿ.

ಮೂರನೆಯದು ಜೊತೆ. ಹೆಂಡ ಸಾರಾಯಿಯೊಂದಿಗೆ ಈ ಗುಳಿಗೆ ಸೇರಿದರೆ ಉಸಿರೇ ಕುಗ್ಗೀತು. ಟ್ರಮಡಾಲ್‌ನಂಥ ನೋವಿನ ಗುಳಿಗೆ, ಕೊಡೀನ್ ಬೆರೆತ ಕೆಮ್ಮಿನ ಔಷಧಗಳೂ ಅಂಥವೇ. ಗೊರಕೆಯ ನಡುವೆ ಉಸಿರು ಕಟ್ಟುವವರು, ಶ್ವಾಸಕೋಶ ಅಥವಾ ಯಕೃತ್ತಿನ ಬೇನೆಯವರು, ಬಸುರಿಯರು ಅದನ್ನೆಲ್ಲ ಮೊದಲೇ ಡಾಕ್ಟರರಿಗೆ ಹೇಳಬೇಕು.

ನಾಲ್ಕನೆಯದು ಅವಧಿ. ಎರಡರಿಂದ ನಾಲ್ಕು ವಾರ ಸಾಮಾನ್ಯವಾದ ಮಿತಿ. ಮೀರಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಒಂದು ಸಾಲದೆ ಎರಡು ಬೇಕಾಗುತ್ತದೆ. ಹಾಗೆಂದು ತಿಂಗಳುಗಟ್ಟಲೆ ನುಂಗಿದವರು ಒಂದೇ ದಿನ ಬಿಡಲೂ ಬಾರದು. ಆಲ್ಪ್ರಾಜೋಲಾಮ್, ಡಯಾಜಿಪಾಮ್ ಮುಂತಾದವನ್ನು ಥಟ್ಟನೆ ಬಿಟ್ಟರೆ ನಡುಕ ಹುಟ್ಟುತ್ತದೆ, ಫಿಟ್ಸ್ ಕೂಡ ಬಂದೀತು. ಡಾಕ್ಟರರ ಕಣ್ಣಮುಂದೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ನನಗೆ ಇದಕ್ಕೆ ಆರು ವಾರ ಹಿಡಿಯಿತು.

೨೦೧೪ರಿಂದ ಈ ಗುಳಿಗೆಗಳನ್ನು ಮಾರುವ ಅಂಗಡಿಯವರು ಡಾಕ್ಟರರ ಹೆಸರು, ರೋಗಿಯ ಹೆಸರು, ಕೊಟ್ಟ ಲೆಕ್ಕ ಎಲ್ಲವನ್ನೂ ಬೇರೊಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮವಿದೆ. ಹೆಸರು ಕೇಳಿದರೆ ಬೇಸರಪಡಬೇಡಿರಿ. ಹಳೆಯ ಚೀಟಿಗೆ ಇಲ್ಲವೆಂದರೆ ಅವರು ನಿಮ್ಮ ಹಿತೈಷಿಗಳೆಂದೇ ತಿಳಿಯಿರಿ. ನನಗೆ ಹಾಗೆ ಒಬ್ಬರು ಇಲ್ಲವೆಂದಿದ್ದರೆ ಎಷ್ಟು ಚೆನ್ನಾಗಿತ್ತು!

ಹಾಗಾದರೆ ಕೈಗಡ ತೀರಿಸುವ ಬಗೆ ಯಾವುದು? ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆಗೆಟ್ಟವರಿಗೆ ಇಂದಿನ ವೈದ್ಯಶಾಸ್ತ್ರವು ಗುಳಿಗೆಗಿಂತ ಮೊದಲು ಹೇಳುವುದು ರೂಢಿಯ ತಿದ್ದುಪಡಿಯನ್ನು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಇಪ್ಪತ್ತು ನಿಮಿಷದಷ್ಟರಲ್ಲಿ ಕಣ್ಣು ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ತೂಕಡಿಕೆ ಬಂದಾಗ ಮರಳಬೇಕು. ಹಾಸಿಗೆಯಲ್ಲಿ ಮೊಬೈಲೂ ಬೇಡ, ಮನೆಯ ಲೆಕ್ಕವೂ ಬೇಡ. ಮಧ್ಯಾಹ್ನ ಕಳೆದ ಮೇಲೆ ಚಹಾ ಬಿಡಬೇಕು. ಮೊದಲ ವಾರಗಳು ಕಠಿಣ. ಆಮೇಲೆ ಹಾದಿ ಸಲೀಸು. ಮೈಯ ನೋವು, ಸಕ್ಕರೆ ರೋಗದ ಮೂತ್ರಬಾಧೆ, ಮನಸ್ಸಿನ ಕೊರಗು ನಿದ್ದೆಯನ್ನು ಕೆಡಿಸಿದ್ದರೆ ಅವಕ್ಕೇ ಮದ್ದು ಮಾಡಬೇಕು.

ಇದನ್ನು ಡಾಕ್ಟರರ ಮುಂದೆ ಹೇಳಲು ನಾಚಿಕೆಯೇಕೆ? ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಹಳ್ಳಿಯ ಆರೋಗ್ಯ ಕೇಂದ್ರಗಳ ಡಾಕ್ಟರರಿಗೆ ಮನೋರೋಗದ ಚಿಕಿತ್ಸೆ ಕಲಿಸಿದರು. ೧೯೯೬ರಲ್ಲಿ ಅದು ದೇಶದ ಜಿಲ್ಲಾ ಯೋಜನೆಗೆ ಮಾದರಿಯಾಯಿತು. ಮನಸ್ಸಿನ ದುಗುಡ ಹೇಳಿಕೊಳ್ಳಲು ೨೦೨೨ರಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿಯೂ ಇದೆ, ಸಂಖ್ಯೆ ೧೪೪೧೬. ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ.

ನಮ್ಮವ್ವ ಈಗ ಕೋಲೂರಿ ನಡೆಯುತ್ತಾಳೆ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಅದೇ ನನಗೆ ಭಾರ. ಯಾರಾದರೂ "ಒಂದು ಗುಳಿಗೆ ಇದ್ದರೆ ಕೊಡು" ಎಂದು ಕೈಯೊಡ್ಡಿದರೆ, ಕೇಳುಗರೆ, ಪ್ರೀತಿಯಿಂದಲೇ ಇಲ್ಲವೆನ್ನಿರಿ. ಮರುದಿನ ಅವರನ್ನು ಕರೆದುಕೊಂಡು ಡಾಕ್ಟರರಲ್ಲಿಗೆ ಹೋಗಿರಿ.