ಮರದ ಅಟ್ಟದ ಮನೆಯಲ್ಲಿ ಒಲೆ, ಹೊಗೆಕೊಳವೆ



ಹಿಂದೆ ಮರದ ಹಾಯಿಹಡಗುಗಳಲ್ಲಿ ಅಡಿಗೆ ಹೇಗೆ ಮಾಡುತ್ತಿದ್ದರು, ಬಲ್ಲಿರಾ? ಪೆಟ್ಟಿಗೆಯಲ್ಲಿ ಮರಳನ್ನೋ ಮಣ್ಣನ್ನೋ ತುಂಬಿ ಅದರ ಮೇಲೆ ಒಲೆ ಹೂಡುತ್ತಿದ್ದರು. ಕಾಲಡಿಯ ಹಲಗೆಗೆ ಬೆಂಕಿ ತಗಲಿದರೆ ಓಡಲು ಜಾಗವಿಲ್ಲವೆಂದು ನಾವಿಕರಿಗೆ ಗೊತ್ತಿತ್ತು. ಮರದ ಅಟ್ಟ, ಮರದ ಜಂತಿಯ ನಮ್ಮ ಮನೆಗಳಿಗೂ ಆ ಎಚ್ಚರ ಬೇಕು.

ಹೊಗೆಕೊಳವೆಯ ಒಲೆ ಒಳ್ಳೆಯದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. ಸೌದೆಯ ಖರ್ಚು, ಕಣ್ಣುರಿ ಎರಡನ್ನೂ ತಗ್ಗಿಸುವ ಒಲೆ ಅದು. ಆದರೆ ಹೊಗೆಯ ಜೊತೆಗೆ ಕಾವೂ ಕೊಳವೆ ಏರುತ್ತದೆ. ಕೊಳವೆ ಜಂತಿಗೆ ತಾಗಿಕೊಂಡಿದ್ದರೆ?

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಅಂತೀರಿ. ಮೋಸ ಇರುವುದೇ ಅಲ್ಲಿ. ದಿನವೂ ಕಾವು ತಗಲಿದ ಮರ ನಿಧಾನವಾಗಿ ಕರಕಾಗುತ್ತದೆ. ಕರಕಾದ ಮರಕ್ಕೆ ಕಡಿಮೆ ಕಾವಿನಲ್ಲೇ ಬೆಂಕಿ ಹತ್ತೀತು. ಈ ವರ್ಷ ಹತ್ತದ ಮರ ಹತ್ತು ವರ್ಷದ ಮೇಲೆ ಹತ್ತಬಹುದು, ಅದೂ ಮನೆಮಂದಿಯೆಲ್ಲ ಮಲಗಿದ್ದಾಗ.

ಹಾಗಾದರೆ ಏನು ಮಾಡಬೇಕು? ಲೋಹದ ಕೊಳವೆಗೂ ಮರಕ್ಕೂ ಸುತ್ತಲೂ ಒಂದು ಮೊಳ, ಎಂದರೆ 18 ಅಂಗುಲ, ತೆರಪಿರಲಿ. ಅಟ್ಟದ ಹಲಗೆಯನ್ನು ಅಷ್ಟಗಲ ಕತ್ತರಿಸಿ, ಆ ತೆರಪನ್ನು ತಗಡಿನಿಂದ ಮುಚ್ಚಿ. ಚಿಂದಿ, ಹುಲ್ಲು ತುರುಕಬೇಡಿ. ಕೊಳವೆಯ ತುದಿ ಹೆಂಚಿನ ಮೇಲೆ ಕಡಿಮೆಯೆಂದರೆ 3 ಅಡಿ ಏರಿರಲಿ. ಹುಲ್ಲಿನ ಮಾಡಿನೊಳಗಿಂದ ಕೊಳವೆ ಹಾಯಿಸಲೇಬೇಡಿ. ಅಡಿಗೆಮನೆಗಾದರೂ ಹೆಂಚು ಹೊದಿಸಿ. ಹಳೆಯ ಕಲ್ನಾರಿನ ಕೊಳವೆ ಇದ್ದರೆ ಅದನ್ನು ಕೊಯ್ಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ನೆಲ ಹಲಗೆಯದಾಗಿದ್ದರೆ ಇಟ್ಟಿಗೆಗಳ ಮೇಲೆ ಕಲ್ಲುಚಪ್ಪಡಿ ಇಟ್ಟು, ಅಡಿಯಲ್ಲಿ ಗಾಳಿಯಾಡುವಂತೆ ಮಾಡಿ, ಒಲೆ ಕಟ್ಟಿ. ಚಪ್ಪಡಿ ಒಲೆಯ ಬಾಯಿಂದ ಒಂದು ಮೊಳ ಮುಂದೆ ಚಾಚಿರಲಿ. ಕೆಂಡ ಉರುಳುವುದು ಅತ್ತಲೇ ತಾನೆ?

ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಅಂಟುಮಸಿ ಕಟ್ಟುತ್ತದೆ. ಆ ಮಸಿಗೂ ಬೆಂಕಿ ಹತ್ತುತ್ತದೆ. ಒಣಸೌದೆಯನ್ನೇ ಉರಿಸಿ, ಕೊಳವೆಯನ್ನು ಆಗಾಗ ಗುಡಿಸಿ. ಬೂದಿಯಲ್ಲಿ ಕೆಂಡ ಬಹಳ ಹೊತ್ತು ಅಡಗಿರುತ್ತದೆ. ಅದನ್ನು ಕುಕ್ಕೆಗೆ ತುಂಬದೆ ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ ಹೊರಗಿಡಿ.

ಕೊನೆಯ ಮಾತು. ಚಳಿಯೆಂದು ಕೆಂಡದ ಬಾಣಲೆ ಒಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳದೇ ಹೋಗಬಹುದು.

ಇಂದು ಸಂಜೆ ಒಲೆ ಹಚ್ಚುವ ಮುಂಚೆ ಒಮ್ಮೆ ಅಟ್ಟ ಹತ್ತಿ, ಕೊಳವೆಯ ಪಕ್ಕದ ಮರ ಮುಟ್ಟಿ ನೋಡಿ. ಕಪ್ಪಾಗಿದೆಯೆ? ಹಾಗಿದ್ದರೆ ಅದನ್ನು ಸರಿಪಡಿಸಿಯೇ ಒಲೆ ಹಚ್ಚಿ.